ಟ್ಯಾಲಿ, ವೆಬ್‌ಸೈಟ್ ಆರ್ಡರ್, ರೇಜರ್‌ಪೇ ಮೂರನ್ನೂ ಜೋಡಿಸಿದ ಎನ್‌ಏಟ್‌ಎನ್: ಎರಡು ಮಳೆಗಾಲ ಬಳಸಿದ ಮೇಲೆ

ಬೇರೆ ಬೇರೆ ಸಾಫ್ಟ್‌ವೇರ್‌ಗಳನ್ನು ಜೋಡಿಸಿ ಕೆಲಸ ತಾನಾಗಿ ನಡೆಯುವ ಹಾಗೆ ಮಾಡುವ ಎನ್‌ಏಟ್‌ಎನ್ (n8n) ಸಣ್ಣ ಕಂಪನಿಗೆ ಆಗುತ್ತಾ ಅಂತ ಕೇಳುವವರಿಗೆ ನೇರ ಉತ್ತರ: ಆಗುತ್ತೆ, ಚೆನ್ನಾಗೇ ಆಗುತ್ತೆ. ಆದರೆ ಎಲ್ಲೋ ಒಂದು ಬಿಲ್ ತಪ್ಪಿಹೋದರೆ ಅದು ತಾನಾಗಿ ಬಂದು ಹೇಳುತ್ತೆ ಅಂತ ನಂಬಿ ಕೂರಬೇಡಿ. ಹೇಳುವ ಹಾಗೆ ನಾವೇ ಕಟ್ಟಿಕೊಳ್ಳಬೇಕು.

ನಮ್ಮದು ಸಾಗರದ ಕಡೆ ಚಕ್ಕುಲಿ, ಖಾರ, ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಸಣ್ಣ ಉದ್ಯಮ. ಆರ್ಡರ್ ಬರುವುದು ವೂಕಾಮರ್ಸ್ ವೆಬ್‌ಸೈಟಿಗೆ, ದುಡ್ಡು ಬರುವುದು ರೇಜರ್‌ಪೇ ಮೂಲಕ, ಲೆಕ್ಕ ಇರುವುದು ಟ್ಯಾಲಿ ಪ್ರೈಮ್‌ನಲ್ಲಿ. ಮೊದಲು ಅಕೌಂಟ್ಸ್ ನೋಡಿಕೊಳ್ಳುವ ಅಕ್ಕ ಪ್ರತಿ ಆರ್ಡರನ್ನೂ ಕೈಯಲ್ಲೇ ಟ್ಯಾಲಿಗೆ ಹಾಕುತ್ತಿದ್ದರು. ದೀಪಾವಳಿ ಹೊತ್ತಿಗೆ ರಾತ್ರಿವರೆಗೂ ಅದೇ ಕೆಲಸ. ಮುಂದಿನ ತಿಂಗಳು 11ನೇ ತಾರೀಕಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ಜಿಎಸ್‌ಟಿ ರಿಟರ್ನ್) ಹಾಕಬೇಕು ಅನ್ನುವಾಗ ಆರ್ಡರಿಗೂ ಬಿಲ್ಲಿಗೂ ತಾಳೆಯೇ ಆಗುತ್ತಿರಲಿಲ್ಲ.

ಎನ್‌ಏಟ್‌ಎನ್ ಬರ್ಲಿನ್‌ನ ಕಂಪನಿಯದು, 2019ರಲ್ಲಿ ಶುರುವಾಗಿದ್ದು. ನಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಂಡು ನಮ್ಮದೇ ವ್ಯವಹಾರಕ್ಕೆ ಬಳಸಿದರೆ ಕಮ್ಯುನಿಟಿ ಆವೃತ್ತಿಗೆ ದುಡ್ಡು ಕೊಡಬೇಕಿಲ್ಲ. ಇದೇ ಥರದ ಇನ್ನೊಂದು ಸೇವೆ ಝೇಪಿಯರ್‌ನಲ್ಲಿ ಒಂದೊಂದು ಆ್ಯಕ್ಷನ್ನೂ ಒಂದು ಟಾಸ್ಕ್ ಅಂತ ಲೆಕ್ಕ, ದುಡ್ಡು ಟಾಸ್ಕ್ ಎಣಿಸಿ. ನಮ್ಮಲ್ಲಿ ಒಂದು ಆರ್ಡರಿಗೆ ಏಳೆಂಟು ಹೆಜ್ಜೆ ಇರುವಾಗ ಅದು ಜಾಸ್ತಿಯೇ ಆಗುತ್ತೆ. ಇನ್ನೊಂದು ದೊಡ್ಡ ಕಾರಣ ಟ್ಯಾಲಿ. ಅದು ಆಫೀಸಿನ ಕಂಪ್ಯೂಟರಿನಲ್ಲೇ ಇರುವುದರಿಂದ, ಅದೇ ನೆಟ್‌ವರ್ಕಿನ ಪಕ್ಕದ ಮಿನಿ ಪಿಸಿಯಲ್ಲಿ ಡಾಕರ್ (ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ್ದೆಲ್ಲಾ ಸಮೇತ ಪ್ರತ್ಯೇಕವಾಗಿ ಓಡಿಸುವ ಸಾಧನ) ಹಾಕಿ ಎನ್‌ಏಟ್‌ಎನ್ ಓಡಿಸಿದರೆ ಕೆಲಸ ಸಲೀಸು.

ಟ್ಯಾಲಿಯ ಜೊತೆ ಮಾತಾಡುವುದು ಎಕ್ಸ್‌ಎಂಎಲ್ ಅನ್ನುವ ಮಾಹಿತಿ ಬರೆಯುವ ವಿಧಾನದಲ್ಲಿ, ಸಾಮಾನ್ಯವಾಗಿ 9000ನೇ ಪೋರ್ಟಿನಲ್ಲಿ (ಕಂಪ್ಯೂಟರಿಗೆ ಸಂಪರ್ಕ ಬರುವ ಬಾಗಿಲು). ಟ್ಯಾಲಿ ತೆರೆದಿರಬೇಕು, ಒಳಗೆ ಕಂಪನಿಯೂ ಲೋಡ್ ಆಗಿರಬೇಕು. ಇಲ್ಲಿ ಒಂದು ವಿಷಯ ತುಂಬಾ ಮುಖ್ಯ. ಐಟಂ ಹೆಸರು ತಾಳೆಯಾಗದೆ ಟ್ಯಾಲಿ ವೋಚರನ್ನು (ಬಿಲ್ಲಿನ ನಮೂದನ್ನು) ತಿರಸ್ಕರಿಸಿದರೂ, ಉತ್ತರ ಮಾತ್ರ 200 (ಕೋರಿಕೆ ಸರಿಯಾಗಿ ತಲುಪಿತು ಅನ್ನುವ ಸಂಕೇತ) ಅಂತಲೇ ಬರುತ್ತೆ. ಎನ್‌ಏಟ್‌ಎನ್ ಪರದೆಯಲ್ಲಿ ಹಸಿರು ಟಿಕ್ ಬೀಳುತ್ತೆ, ಪುಸ್ತಕದಲ್ಲಿ ಬಿಲ್ ಇರುವುದಿಲ್ಲ! ಹಾಗಾಗಿ ಉತ್ತರದ ಒಳಗೆ 'ಕ್ರಿಯೇಟೆಡ್ 1' ಅಂತ ಇದೆಯಾ, 'ಲೈನ್‌ಎರರ್' ಇದೆಯಾ ಅಂತ ಓದುವ ಒಂದು ಹೆಜ್ಜೆ ಸೇರಿಸಿದ್ದೇವೆ. ಎರರ್ ಇದ್ದರೆ ಆರ್ಡರ್ ನಂಬರ್ ಸಮೇತ ಅಕ್ಕನ ಟೆಲಿಗ್ರಾಂಗೆ ಮೆಸೇಜ್ ಹೋಗುತ್ತೆ. ರಾತ್ರಿ ಇನ್ನೊಂದು ಫ್ಲೋ (ಎನ್‌ಏಟ್‌ಎನ್‌ನಲ್ಲಿ ಜೋಡಿಸಿಟ್ಟ ಹೆಜ್ಜೆಗಳ ಸರಣಿ) ಓಡಿ, ಆ ದಿನದ ವೆಬ್‌ಸೈಟ್ ಆರ್ಡರ್ ಎಷ್ಟು, ಟ್ಯಾಲಿ ಬಿಲ್ ಎಷ್ಟು ಅಂತ ಹೋಲಿಸಿ ಕಳಿಸುತ್ತೆ. ನನ್ನನ್ನು ಕೇಳಿದರೆ ಇಡೀ ಜೋಡಣೆಯಲ್ಲಿ ಬೆಲೆಬಾಳುವುದು ಈ ರಾತ್ರಿಯ ಫ್ಲೋನೇ.

ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ವೂಕಾಮರ್ಸ್ ವೆಬ್‌ಹುಕ್ (ಆರ್ಡರ್ ಬಂದ ತಕ್ಷಣ ವೆಬ್‌ಸೈಟೇ ಕಳಿಸುವ ಸೂಚನೆ) ಐದು ಸಲಕ್ಕಿಂತ ಜಾಸ್ತಿ ಸತತವಾಗಿ ಫೇಲ್ ಆದರೆ ತಾನೇ ಆಫ್ ಆಗಿಬಿಡುತ್ತೆ. ಅದಕ್ಕೇ ನಾವು ವೆಬ್‌ಹುಕ್ ಇಟ್ಟುಕೊಂಡಿಲ್ಲ. ಕಾಲು ಗಂಟೆಗೊಮ್ಮೆ ಎನ್‌ಏಟ್‌ಎನ್ ತಾನೇ ಹೋಗಿ 'ಕಳೆದ ಸಲದಿಂದ ಈಚೆಗೆ ಏನೇನು ಬಂತು' ಅಂತ ಕೇಳುತ್ತೆ. ಕರೆಂಟ್ ಇಡೀ ದಿನ ಇಲ್ಲದಿದ್ದರೂ ಬಂದ ತಕ್ಷಣ ಎಲ್ಲಾ ಆರ್ಡರ್ ಸಾಲಾಗಿ ಇಳಿಯುತ್ತವೆ. "ಒಂದೇ ಬಿಲ್ ಎರಡು ಸಲ ಬಿದ್ರೆ ಯಾರು ನೋಡೋದು?" ಅಂತ ಅಕ್ಕ ಮೊದಲೇ ಕೇಳಿದ್ದರು. ಒಳ್ಳೆ ಪ್ರಶ್ನೆ. ಟ್ಯಾಲಿಯ ವೋಚರ್ ಟೈಪಿನಲ್ಲಿ ನಂಬರಿಂಗ್ ಮ್ಯಾನುಯಲ್ ಮಾಡಿ, ಡೂಪ್ಲಿಕೇಟ್ ತಡೆಯುವ ಆಯ್ಕೆ ಆನ್ ಮಾಡಿದ್ದೇವೆ. ಬಿಲ್ ನಂಬರ್ 16 ಅಕ್ಷರ ಮೀರಬಾರದು ಅನ್ನುವ ಜಿಎಸ್‌ಟಿ ನಿಯಮ ನೆನಪಿರಲಿ.

ನಿಜವಾದ ಶ್ರಮ ಇದ್ದಿದ್ದು ಹೆಸರುಗಳಲ್ಲಿ. ವೆಬ್‌ಸೈಟಿನಲ್ಲಿ 'ಬೆಣ್ಣೆ ಚಕ್ಕುಲಿ 250 ಗ್ರಾಂ', ಟ್ಯಾಲಿಯಲ್ಲಿ 'ಚಕ್ಕುಲಿ ಬೆಣ್ಣೆ ಕಾಲು ಕೆಜಿ'. ಯಾವ ಸಾಫ್ಟ್‌ವೇರೂ ಇದನ್ನು ನಮಗಾಗಿ ಸರಿಮಾಡಲ್ಲ. ಪ್ರತಿ ಐಟಂಗೂ ಒಂದೇ ಕೋಡ್ ಕೊಟ್ಟು, ಒಂದು ಶೀಟಿನಲ್ಲಿ ಕೋಡ್, ಟ್ಯಾಲಿ ಹೆಸರು, ಎಚ್‌ಎಸ್‌ಎನ್ (ಜಿಎಸ್‌ಟಿಗೆ ಬಳಸುವ ಸರಕಿನ ವರ್ಗದ ಸಂಖ್ಯೆ), ತೆರಿಗೆ ದರ ಬರೆದಿಟ್ಟೆವು. ಅದರ ಫಲ ಸಿಕ್ಕಿದ್ದು 2025ರ ಸೆಪ್ಟೆಂಬರ್ 22ರಂದು. ಪ್ಯಾಕೆಟ್ ಚಕ್ಕುಲಿ, ಖಾರದ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು, ಹಪ್ಪಳಕ್ಕೆ ಮೊದಲಿನಿಂದಲೂ ತೆರಿಗೆ ಇಲ್ಲ. ಜೋಡಣೆಯ ಕಡೆ ಬದಲಾಯಿಸಬೇಕಾಗಿದ್ದು ಶೀಟಿನ ಒಂದೇ ಕಾಲಂ, ಫ್ಲೋ ಮುಟ್ಟಲೇ ಇಲ್ಲ. ದರವನ್ನು ಫ್ಲೋ ಒಳಗೇ ಬರೆದಿಟ್ಟವರು ಇದೊಂದನ್ನು ಈಗಲೇ ಹೊರಗೆ ತೆಗೆಯಿರಿ, ದಯವಿಟ್ಟು.

ರೇಜರ್‌ಪೇ ಕಡೆ ಸುಲಭ. ಎಪಿಐಯಲ್ಲಿ (ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡುವ ದಾರಿ) ಮೊತ್ತ ಪೈಸೆಯಲ್ಲಿ ಬರುತ್ತೆ, ನೂರರಿಂದ ಭಾಗಿಸಬೇಕು. ಬ್ಯಾಂಕಿಗೆ ಬರುವುದು ಕಮಿಷನ್ನು, ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಕಳೆದ ಮೊತ್ತ. ಅದನ್ನು ಬಿಡಿಸಿ ಬರೆದರೆ ಮಾತ್ರ ಬ್ಯಾಂಕ್ ತಾಳೆ ಆಗುತ್ತೆ.

ಇಷ್ಟವಾಗದ್ದೂ ಇದೆ. ಅಪ್‌ಡೇಟ್‌ಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ಬ್ಯಾಕಪ್ ಇಲ್ಲದೆ ಹಾಕುವ ಧೈರ್ಯ ಬೇಡ. ಎನ್‌ಕ್ರಿಪ್ಷನ್ ಕೀ ಕಳೆದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲಾ ಹೋದ ಹಾಗೆ, ಅದನ್ನು ಬೇರೆ ಕಡೆ ಬರೆದಿಡಿ. ಟೈಮ್‌ಝೋನ್ ಮೊದಲಿಗೆ ನ್ಯೂಯಾರ್ಕ್‌ನದ್ದಿರುತ್ತೆ, ಏಷ್ಯಾ ಕೋಲ್ಕತಾ ಅಂತ ಬದಲಾಯಿಸದಿದ್ದರೆ ರಾತ್ರಿಯ ಫ್ಲೋ ಹೊತ್ತಲ್ಲದ ಹೊತ್ತಲ್ಲಿ ಓಡುತ್ತೆ. ಕಚೇರಿಯಲ್ಲಿ ಜೇಸನ್ (ಎನ್‌ಏಟ್‌ಎನ್ ಮಾಹಿತಿ ತೋರಿಸುವ JSON ಬರಹ) ಓದಿ ಅರ್ಥ ಮಾಡಿಕೊಳ್ಳುವವರು ಒಬ್ಬರಾದರೂ ಇಲ್ಲದಿದ್ದರೆ ಸುಮ್ನೆ ಕೈ ಹಾಕಬೇಡಿ. ದಿನಕ್ಕೆ ನಾಲ್ಕೈದು ಆರ್ಡರ್ ಬರುವವರಿಗೂ ಇದು ಬೇಕಾಗಿಲ್ಲ, ಎಕ್ಸೆಲ್‌ನಿಂದ ಟ್ಯಾಲಿಗೆ ಇಂಪೋರ್ಟ್ ಮಾಡಿಕೊಂಡರೆ ಸಾಕು.

ಕೊರಿಯರ್‌ನಿಂದ ವಾಪಸ್ ಬರುವ ಪಾರ್ಸೆಲ್‌ಗಳ ಕ್ರೆಡಿಟ್ ನೋಟ್ (ಮಾರಾಟದ ಮೊತ್ತ ವಾಪಸ್ ಲೆಕ್ಕ ಹಾಕುವ ನಮೂದು) ಇನ್ನೂ ಅಕ್ಕನೇ ಕೈಯಲ್ಲಿ ಹಾಕುತ್ತಾರೆ. ಪ್ಯಾಕೆಟ್ ಒಡೆದಿದೆಯಾ, ಮತ್ತೆ ಮಾರಬಹುದಾ ಅಂತ ತೆಗೆದು ನೋಡಿದ ಮೇಲಷ್ಟೇ ಸ್ಟಾಕಿಗೆ ಸೇರಿಸಬೇಕು, ಹಾಗಾಗಿ ಅದನ್ನು ಜೋಡಿಸುವ ಯೋಚನೆಯೂ ಸದ್ಯಕ್ಕಿಲ್ಲ.