ಟಿವಿ ‘ಕ್ಯಾಲಿಬ್ರೇಶನ್’ಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಪರದೆಯ ಬಣ್ಣ, ಬೆಳಕು ಅಳೆಯೋ ಮೀಟರ್ ತರದೆ ಬರುವವನಿಗೆ ಟಿವಿ ಕ್ಯಾಲಿಬ್ರೇಶನ್ (ಚಿತ್ರವನ್ನ ಸ್ಟ್ಯಾಂಡರ್ಡಿಗೆ ಹೊಂದಿಸೋದು) ಅಂತ ಒಂದು ರೂಪಾಯಿನೂ ಕೊಡಬೇಡಿ. ನಾನು 2,500 ಕೊಟ್ಟೆ. ಬಿಲ್ಲಲ್ಲಿ ‘ಅಡ್ವಾನ್ಸ್ಡ್ ಪಿಕ್ಚರ್ ಕ್ಯಾಲಿಬ್ರೇಶನ್’ ಅಂತ ಚೆನ್ನಾಗೇ ಪ್ರಿಂಟ್ ಹಾಕಿದ್ದಾರೆ.

ಬಂದ ಹುಡುಗನ ಕೈಯಲ್ಲಿದ್ದದ್ದು ಒಂದು ಫೋನು, ಅಷ್ಟೇ. ಅದರ ಕ್ಯಾಮೆರಾ ಪರದೆಗೆ ಹಿಡಿದ, ರಿಮೋಟ್ ಒತ್ತಿದ, ಹದಿನೈದು ನಿಮಿಷಕ್ಕೆ ಹೊರಟ. ಫೋನ್ ಕ್ಯಾಮೆರಾ ವೈಟ್ ಬ್ಯಾಲೆನ್ಸನ್ನ, ಅಂದ್ರೆ ಯಾವುದು ಬಿಳಿ ಅನ್ನೋ ಲೆಕ್ಕನ, ತಾನೇ ಬದಲಿಸಿಕೊಳ್ಳುತ್ತೆ. ಅದರಲ್ಲಿ ಟಿವಿಯ ಬಿಳಿ ಅಳೆಯೋದು ತಕ್ಕಡಿ ಮೇಲೆ ಕೈಯಿಟ್ಟು ತೂಗಿದ ಹಾಗೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ನಾಚಿಕೆ ಅದಕ್ಕೇ.

ರಾತ್ರಿ ಲೈಟ್ ಆರಿಸಿದಾಗ ಬಣ್ಣ ಬಯಲಾಯ್ತು. ನ್ಯೂಸ್ ಚಾನೆಲ್‌ನ ಕೆಳಗಿನ ಪಟ್ಟಿಯಲ್ಲಿ ಪ್ರತಿ ಅಕ್ಷರದ ಸುತ್ತ ಬಿಳಿ ಅಂಚು, ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿವೆ. ನಿರೂಪಕನ ಮುಖ ಟೊಮ್ಯಾಟೊ, ಕಪ್ಪು ಕೋಟು ಬೂದಿ. ಮೆನು ತೆಗೆದೆ. ಶಾರ್ಪ್‌ನೆಸ್ 80, ಕಲರ್ 70, ಬ್ರೈಟ್‌ನೆಸ್ 60, ಕಲರ್ ಟೆಂಪರೇಚರ್ ಕೂಲ್. ಪಿಕ್ಚರ್ ಮೋಡ್ ವಿವಿಡ್. ವಿವಿಡ್! ಅಂಗಡಿ ಬೆಳಕಲ್ಲಿ ಗಿರಾಕಿಯ ಕಣ್ಣು ಕುಕ್ಕೋಕೆ ಇರೋ ಮೋಡಿಗೆ 2,500.

ಹುಡುಗನ್ನ ಕಳಿಸಿದವರನ್ನ ವಾಟ್ಸಾಪಲ್ಲಿ ಕೇಳಿದೆ, ಮೀಟರ್ ಎಲ್ಲಿ? “ನಮ್ಮ ಹುಡುಗನಿಗೆ ಎಂಟು ವರ್ಷ ಅನುಭವ ಸರ್, ಕಣ್ಣಲ್ಲೇ ಹೇಳ್ತಾನೆ.” ಬಿಳಿ ನೀಲಿ ಹೊಡೀತಿದೆಯಲ್ಲ? “ನೀಲಿ ಇದ್ರೇನೇ ಸರ್ ಬಿಳಿ ಎದ್ದು ಕಾಣೋದು.” ಪಂಚೆಗೆ ನೀಲಿ ಹಾಕೋ ಲೆಕ್ಕ! ಎಚ್‌ಡಿ ವಿಡಿಯೋದ ಬಿಳಿ ಅಂದ್ರೆ ಡಿ65 ಅನ್ನೋ ಸ್ಟ್ಯಾಂಡರ್ಡ್, ಸುಮಾರು 6,500 ಕೆಲ್ವಿನ್. ಕೂಲ್ ಅದಕ್ಕಿಂತ ಎಷ್ಟೋ ಮೇಲೆ, ಮೇಲೆ ಹೋದಷ್ಟೂ ನೀಲಿ.

ಜಗಳ ಮಾಡಿದ್ಮೇಲೆ ವೈಟ್ ಬ್ಯಾಲೆನ್ಸ್ ಗೇನ್, ಆಫ್‌ಸೆಟ್ ನಂಬರುಗಳ (ಕೆಂಪು, ಹಸಿರು, ನೀಲಿಯನ್ನ ಬೇರೆ ಬೇರೆಯಾಗಿ ಏರಿಸಿ ಇಳಿಸೋವು) ಒಂದು ಸ್ಕ್ರೀನ್‌ಶಾಟ್ ಕಳಿಸಿದ್ರು. “ಸೇಮ್ ಮಾಡೆಲ್ ಸರ್, ಹಾಕ್ಕೊಳ್ಳಿ.” ಹಾಕಿದೆ, ಬೂದು ಬಣ್ಣವೆಲ್ಲ ಗುಲಾಬಿ. ಮಾಡೆಲ್ ಒಂದೇ ಆದ್ರೂ ಪ್ಯಾನೆಲ್ ಪ್ಯಾನೆಲ್‌ಗೂ ವ್ಯತ್ಯಾಸ ಇರುತ್ತೆ. ಮೀಟರ್ ಇಲ್ಲದೆ ಗೇನ್, ಆಫ್‌ಸೆಟ್ ಮುಟ್ಟಲೇಬೇಡಿ. ರಿಪೇರಿಯವರಿಗೆ ಅಂತ ಅಡಗಿಸಿಟ್ಟಿರೋ ಸರ್ವೀಸ್ ಮೆನುಗಂತೂ ಯಾರನ್ನೂ ಬಿಡಬೇಡಿ.

ಮಿಕ್ಕಿದ್ದು ಬಿಟ್ಟಿ ಕೆಲಸ. ಸಿನಿಮಾ ಇಲ್ಲವೇ ಫಿಲ್ಮ್‌ಮೇಕರ್ ಮೋಡ್ ಹಾಕಿ, ಟೆಂಪರೇಚರ್ ವಾರ್ಮ್. ಎರಡು ಮೂರು ದಿನ ಹಳದಿ ಅನ್ಸುತ್ತೆ, ಕಣ್ಣು ಒಗ್ಗೋವರೆಗೆ ತಡ್ಕೊಳ್ಳಿ. ಪವರ್ ಸೇವಿಂಗ್, ಲೈಟ್ ಸೆನ್ಸರ್, ಡೈನಮಿಕ್ ಕಾಂಟ್ರಾಸ್ಟ್, ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂದಿಂಗ್ ಎಲ್ಲ ಆಫ್. ಶಾರ್ಪ್‌ನೆಸ್ ಸೋನಿಯಲ್ಲಿ 50, ಸ್ಯಾಮ್‌ಸಂಗ್‌ನಲ್ಲಿ 0 ಅಂದ್ರೇನೇ ಏನೂ ಸೇರಿಸದ ಚಿತ್ರ. ಬೇರೆಯದಾದ್ರೆ ಅಕ್ಷರದ ಸುತ್ತಲಿನ ಬಿಳಿ ಅಂಚು ಹೋಗೋವರೆಗೆ ಇಳಿಸಿ.

ಆಮೇಲೆ ಎವಿಎಸ್ ಎಚ್‌ಡಿ 709 ಪ್ಯಾಟರ್ನ್‌ಗಳು, ಟಿವಿ ಪರೀಕ್ಷಿಸೋಕೆ ಅಂತಲೇ ಮಾಡಿದ ವಿಡಿಯೋಗಳು, ಪುಕ್ಕಟೆ ಸಿಗುತ್ತೆ, ಪೆನ್‌ಡ್ರೈವಿಗೆ ಹಾಕಿ. ಕೋಣೆ ಕತ್ತಲು ಮಾಡಿ ಬ್ಲ್ಯಾಕ್ ಕ್ಲಿಪಿಂಗ್ ಅನ್ನೋ ಪ್ಯಾಟರ್ನ್ ಹಾಕಿ. 0ಯಿಂದ 255ರ ಅಳತೆಯಲ್ಲಿ ವಿಡಿಯೋದ ಕಪ್ಪು 16, ಬಿಳಿ 235. 17ನೇ ಪಟ್ಟಿ ಮಿಣುಕ್ ಅನ್ನಬೇಕು, 16 ಪೂರ್ತಿ ಮುಳುಗಬೇಕು, ಬ್ರೈಟ್‌ನೆಸ್ ಅಲ್ಲಿಗೆ ನಿಲ್ಲಿಸಿ. ಬ್ರೈಟ್‌ನೆಸ್ ಅಂದ್ರೆ ಬೆಳಕಲ್ಲ, ಕಪ್ಪಿನ ಮಟ್ಟ. (ಹೊಸ ಸೋನಿ, ಸ್ಯಾಮ್‌ಸಂಗ್‌ಗಳಲ್ಲಿ ಬ್ರೈಟ್‌ನೆಸ್ ಅಂದ್ರೆ ಬ್ಯಾಕ್‌ಲೈಟೇ. ಅಲ್ಲಿ ಬ್ಲ್ಯಾಕ್ ಲೆವೆಲ್ ಅಥವಾ ಶ್ಯಾಡೋ ಡೀಟೇಲ್ ಹುಡುಕಿ.) ವೈಟ್ ಕ್ಲಿಪಿಂಗ್‌ನಲ್ಲಿ 234ರವರೆಗಿನ ಪಟ್ಟಿ ಕಾಣೋ ಹಾಗೆ ಕಾಂಟ್ರಾಸ್ಟ್. ಬೆಳಕು ಜಾಸ್ತಿ ಬೇಕಾದ್ರೆ ಬ್ಯಾಕ್‌ಲೈಟ್ ಏರಿಸಿ, ಇವೆರಡನ್ನ ಮುಟ್ಟಬೇಡಿ.

ಪೆನ್‌ಡ್ರೈವಲ್ಲಿ ಮಾಡಿದ್ದು ಎಷ್ಟೋ ಟಿವಿಗಳಲ್ಲಿ ಎಚ್‌ಡಿಎಂಐಗೆ ತಾನಾಗೇ ಹೋಗಲ್ಲ, ಸೆಟ್ ಟಾಪ್ ಬಾಕ್ಸ್ ಇರೋ ಪೋರ್ಟಲ್ಲಿ ಮತ್ತೆ ಹಾಕಿ. ಬಾಕ್ಸ್ ಲಿಮಿಟೆಡ್ (16ರಿಂದ 235) ಕಳಿಸಿ, 0ಯಿಂದ 255ರ ಪೂರ್ತಿ ಅಳತೆ, ಅಂದ್ರೆ ಟಿವಿ ಫುಲ್‌ಗೆ ಕಾದಿದ್ರೆ ಕಪ್ಪು ಬೂದಿ ಆಗುತ್ತೆ. ಉಲ್ಟಾ ಆದ್ರೆ ಕತ್ತಲ ದೃಶ್ಯದಲ್ಲಿ ಏನೂ ಕಾಣಲ್ಲ. ಎಚ್‌ಡಿಆರ್ (ಹೆಚ್ಚು ಬೆಳಕು, ಬಣ್ಣ ಇರೋ ವಿಡಿಯೋ) ಸೆಟ್ಟಿಂಗ್ ಬೇರೆನೇ.

ದುಡ್ಡು ವಾಪಸ್ ಕೇಳಿದ್ದಕ್ಕೆ ನಿನ್ನೆ ಉತ್ತರ ಬಂತು: “ವಿಸಿಟ್ ಆಗಿದೆ ಸರ್, ರೀಫಂಡ್ ಬರಲ್ಲ. ಬೇಕಾದ್ರೆ ಹುಡುಗನ್ನ ಇನ್ನೊಂದ್ಸಲ ಕಳಿಸ್ತೀವಿ, 500 ವಿಸಿಟ್ ಚಾರ್ಜು.”