ಹೈವೇಸ್ಟ್ ಶೇಪ್‌ವೇರ್: ಟೇಪು ಗೆಳತಿಯ ಕೈಲಿರಲಿ

ಹೊಟ್ಟೆ ಅಡಗಿಸುವ ಶೇಪ್‌ವೇರ್ (ಸೊಂಟದ ಮೇಲಿನವರೆಗೂ ಬರುವ ಬಿಗಿಯಾದ ಒಳಉಡುಪು) ಕೊಳ್ಳುವಾಗ ಎಡವುವುದು ಅಳತೆಯಲ್ಲೇ. ಒಂದು ಸೈಜ್ ಚಿಕ್ಕದು ತಗೊಂಡರೆ ಸಣ್ಣಗೆ ಕಾಣುವುದಿಲ್ಲ. ಕೂತ ಕೂಡಲೇ ಮೇಲಂಚು ಸುರುಳಿ ಸುತ್ತಿ ಇಳಿಯುತ್ತದೆ, ಅದರ ಮೇಲೆ ಹೊಸದೊಂದು ಮಡಿಕೆ ಏಳುತ್ತದೆ.

ಟೇಪನ್ನು ಗೆಳತಿಗೆ ಕೊಡಿ. ನಾವೇ ಅಳೆದುಕೊಂಡರೆ ಗೊತ್ತಿಲ್ಲದೇ ಹೊಟ್ಟೆ ಒಳಗೆಳೆದುಕೊಳ್ಳುತ್ತೇವೆ, ಬೆನ್ನ ಹಿಂದೆ ಟೇಪೂ ಜಾರುತ್ತದೆ. ಉಸಿರು ಬಿಟ್ಟ ಮೇಲೆ ಸೊಂಟ, ಆಮೇಲೆ ಪೃಷ್ಠದ ಅತಿ ಅಗಲದ ಜಾಗ ಅಳೆಯಬೇಕು. ಎರಡಕ್ಕೂ ಬೇರೆ ಬೇರೆ ಸೈಜ್ ಬಂದರೆ ದೊಡ್ಡದೇ ಸರಿ. ಹಾಕಿಕೊಂಡು 10 ನಿಮಿಷ ಕೂರಿ. ಎದೆಯುರಿ ಬಂದರೆ, ತೊಡೆ ಜೋಮು ಹಿಡಿದರೆ ವಾಪಸ್ ಮಾಡಿ.

ಮೇಲಿನ ಬಟ್ಟೆ ನುಣುಪಾಗಿ ಕೂರುವುದು ನಿಜ. ಕೊಬ್ಬು ಕರಗುತ್ತದೆಂಬ ಜಾಹೀರಾತು ಶುದ್ಧ ಸುಳ್ಳು. ಅಂದಹಾಗೆ, ‘ನಿಂಗಿದು ಬೇಕೇ ಬೇಕು ಕಣೇ’ ಎನ್ನುವ ಗೆಳತಿಯನ್ನು ಮಾತ್ರ ಅಳತೆಗೆ ಕರೆಯಬೇಡಿ.