“ಬಜೆಟ್ ಎಷ್ಟು ಸರ್” ಅಂದ್ರೆ ಬಾಯಿ ಬಿಡಬೇಡಿ

ಅಂಗಡಿಗೋ ಏಜೆನ್ಸಿಗೋ ಸಾಫ್ಟ್‌ವೇರ್ ಮಾಡಿಸೋಕೆ ಹೊರಟಿರೋರು ಇದನ್ನ ಓದಿ ಆಮೇಲೆ ಅಡ್ವಾನ್ಸ್ ಕೊಡಿ. ಕಂಪನಿ ಹೆಸರು ಹಾಕಲ್ಲ, ಸೋರ್ಸ್ ಕೋಡ್ (ಆಪ್‌ನ ಮೂಲ ಪ್ರೋಗ್ರಾಂ) ಇನ್ನೂ ಅವರ ಹತ್ರಾನೇ ಇದೆ, ಅರ್ಥ ಆಗುತ್ತೆ ಅನ್ಕೋತೀನಿ.

ನಮ್ದು ತುಮಕೂರು ಮಂಡಿಪೇಟೆಲಿ ದಿನಸಿ ಹೋಲ್‌ಸೇಲ್. ಗುಬ್ಬಿ, ಕುಣಿಗಲ್, ಕೊರಟಗೆರೆ ಕಡೆ ಅಂಗಡಿಯವರು ಫೋನಲ್ಲಿ ಆರ್ಡರ್ ಹೇಳ್ತಾರೆ, ಅಪ್ಪಾಜಿ ಬರ್ಕೋತಾರೆ, ಉದ್ರಿ ಎಲ್ಲಾ ಕೆಂಪು ಪುಸ್ತಕದಲ್ಲಿ. ಆರ್ಡರ್, ಬಿಲ್ಲು, ಉದ್ರಿ ಮೂರೂ ಮೊಬೈಲಲ್ಲೇ ಬರ್ಲಿ ಅಂತ ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದ್ವಿ ಅಷ್ಟೇ. ಕೊನೇಲಿ “ಬಜೆಟ್ ಎಷ್ಟು ಇಟ್ಕೊಂಡಿದೀರಿ ಸರ್?” ಅಂದ. “2 ಲಕ್ಷದೊಳಗೆ ಆಗ್ಬೇಕಪ್ಪಾ” ಅಂದೆ. ಮಾರನೇ ದಿನ ಕೊಟೇಶನ್ ಬಂತು, 1,80,000 ರೂಪಾಯಿ, 45 ದಿನ, ಜಿಎಸ್‌ಟಿ 18% ಬೇರೆ. ಜಿಎಸ್‌ಟಿ ವಿಷ್ಯ ಬಿಡಿ. ನಂಗೆ 20,000 ಉಳೀತು ಅಂತ ಖುಷಿ!! ದಿನಾ ಬೆಳಗ್ಗೆ ತೊಗರಿಬೇಳೆ ದಲ್ಲಾಳಿ ಹತ್ರ ಕೆಜಿಗೆ ಐವತ್ತು ಪೈಸೆಗೆ ಗುದ್ದಾಡೋನು ನಾನು, ತಗೊಳ್ಳೋನು ಮೊದಲು ರೇಟ್ ಹೇಳಬಾರದು ಅಂತ ಅಪ್ಪಾಜಿ ಚಡ್ಡಿ ಹಾಕೋ ವಯಸ್ಸಲ್ಲೇ ಕಲಿಸಿದ್ರು. ಅದೇ ತಪ್ಪು ಮಾಡಿದೆ ನೋಡಿ.

90,000 ಅಡ್ವಾನ್ಸ್ ಹಾಕಿದೆ. ಮೂರನೇ ವಾರಕ್ಕೇ ಡೆಮೋ ತಂದ್ರು. ಹಸಿರು ಬಣ್ಣ, ಬೇಳೆ ಫೋಟೋ, ಉದ್ರಿ ಪೇಜು ಎಲ್ಲಾ ಸೂಪರ್. ಅಪ್ಪಾಜಿಗೂ ಕಾಫಿ ಕುಡೀತಾ ತೋರಿಸಿದೆ. “80% ಆಯ್ತು ಸರ್” ಅಂದ್ರು, ಅಲ್ಲೇ ಇನ್ನೊಂದು 50,000 ಕೊಟ್ಟೆ. ರಾತ್ರಿ ಮನೇಲಿ ಲಾಗಿನ್ ಮಾಡುವಾಗ ಪಾಸ್‌ವರ್ಡ್ ತಪ್ಪು ಒತ್ತಿದೆ, ಒಳಗೆ ಹೋಯ್ತು. ಬೇಕಂತಲೇ ಬರೀ ‘ಅ’ ಅಂತ ಒತ್ತಿದೆ, ಹೋಯ್ತು. ಖಾಲಿ ಬಿಟ್ಟೆ, ಆಗ್ಲೂ ಹೋಯ್ತು. ಒಳಗೆ ಆರ್ಡರ್ ಹಾಕಿದ್ರೆ ಎಲ್ಲೂ ಸೇವ್ ಆಗ್ತಿಲ್ಲ. ಬರೀ ಚಿತ್ರ ಸ್ವಾಮಿ, ಬೊಂಬೆ! ಫೋನ್ ಮಾಡಿದ್ರೆ “ಅದು ಯುಐ ಸರ್, ಬ್ಯಾಕೆಂಡ್ ಇನ್ನು ಶುರು ಮಾಡ್ತೀವಿ”. ಯುಐ ಅಂದ್ರೆ ಕಣ್ಣಿಗೆ ಕಾಣೋ ಸ್ಕ್ರೀನು, ಬ್ಯಾಕೆಂಡ್ ಅಂದ್ರೆ ಹಿಂದೆ ಲೆಕ್ಕ ಇಡೋ ಭಾಗ. ಹಾಗಾದ್ರೆ 80% ಏನು? “ಸ್ಕ್ರೀನ್‌ಗಳು 80% ಸರ್.”

ಅಲ್ಲಿಂದ ಶುರುವಾಯ್ತು. ನಾವು ಮೂಟೆ ಲೆಕ್ಕದಲ್ಲೂ ಮಾರ್ತೀವಿ, ಬಿಡಿ ಕೆಜಿಲೂ ಮಾರ್ತೀವಿ, ಯಾವ ಮಂಡಿಲಾದ್ರೂ ಅಷ್ಟೇ ತಾನೇ. “ಎರಡು ಯೂನಿಟ್ ಅಂತ ಸ್ಕೋಪಲ್ಲಿ, ಒಪ್ಪಿದ ಕೆಲ್ಸದ ಪಟ್ಟಿಲಿ, ಇಲ್ಲ ಸರ್, 45,000 ಎಕ್ಸ್‌ಟ್ರಾ.” ಕೊಟೇಶನ್ ತೆಗೆದು ನೋಡಿದೆ, ‘ಬಿಲ್ಲಿಂಗ್ ಮಾಡ್ಯೂಲ್’ ಅಂತ ಒಂದೇ ಸಾಲು ಇತ್ತು. ಒಂದೇ ಸಾಲು!

ಬಿಲ್ಲು ಕನ್ನಡದಲ್ಲಿ ಬೇಕು ಅಂತ ಮೊದಲ ದಿನವೇ ಹೇಳಿದ್ದೆ. ಥರ್ಮಲ್ ಪ್ರಿಂಟರಲ್ಲಿ ಬಂದಿದ್ದು ‘ಉದ್ದಿನಬೇಳೆ’ ಇರೋ ಜಾಗದಲ್ಲಿ ಸಾಲಾಗಿ ಚೌಕಗಳು. ಅಂಥ ಪ್ರಿಂಟರಲ್ಲಿ ಕನ್ನಡ ಫಾಂಟ್ ಇರಲ್ಲ, ಬಿಲ್ಲನ್ನ ಚಿತ್ರ ಮಾಡಿ ಕಳಿಸ್ಬೇಕು, ಅದಕ್ಕೆ ಕೆಲ್ಸ ಜಾಸ್ತಿ ಅಂತೆ, 35,000. ಇದು ರೇಟ್ ಹೇಳುವಾಗ ಗೊತ್ತಿರ್ಲಿಲ್ವಾ ಅಂದ್ರೆ “ಕನ್ನಡ ಅಂದ್ರೆ ಆಪಲ್ಲಿ ಕನ್ನಡ ಅನ್ಕೊಂಡ್ವಿ ಸರ್”. ಈ ಸರ್ ಸರ್ ಕೇಳಿದ್ರೇ ಈಗ ಮೈ ಉರಿಯುತ್ತೆ.

ಐದನೇ ತಿಂಗಳಲ್ಲಿ ರೇಗಾಡಿದ್ದಕ್ಕೆ “ಇನ್ನಿಬ್ಬರು ಹುಡುಗರನ್ನ ಹಾಕ್ತೀವಿ, 60,000 ಕೊಡಿ, ಬೇಗ ಆಗುತ್ತೆ” ಅಂದ್ರು. ಅದನ್ನೂ ಕೊಟ್ಟೆ, ನಗಬೇಡಿ. ಹೊಸ ಹುಡುಗರಿಗೆ ಹಳಬ ಹೇಳಿಕೊಡೋದ್ರಲ್ಲೇ ಒಂದು ತಿಂಗಳು ಹೋಯ್ತು.

ಆಗ ನಾಚಿಕೆ ಬಿಟ್ಟು ಭಾಮೈದನಿಗೆ ಹೇಳಿದೆ, ಅವನು ಬೆಂಗಳೂರಲ್ಲಿ ಇದೇ ಫೀಲ್ಡು. ಪೇಪರ್ ಮೇಲೆ ಗೀಚಿದ. “ಭಾವ, ಮೂರು ಜನ ಒಂದೂವರೆ ತಿಂಗಳು ಅಂದ್ರೆ ನಾಲ್ಕೂವರೆ ತಿಂಗಳ ಸಂಬಳ. 1,80,000 ಭಾಗಿಸಿದ್ರೆ ತಿಂಗಳಿಗೆ ತಲಾ 40,000. ಅದರಲ್ಲೇ ಬಾಡಿಗೆ, ಟೆಸ್ಟಿಂಗು, ಅವರ ಲಾಭ. ಇದು ಎಸ್ಟಿಮೇಟ್ ಅಲ್ಲ, ನೀವು ಹೇಳಿದ ದುಡ್ಡನ್ನೇ ನಿಮಗೆ ಬರೆದು ಕೊಟ್ಟಿದಾರೆ.” ಶುರುವಲ್ಲಿ ಹೇಳೋ ಅಂದಾಜು ನಿಜವಾದ ಖರ್ಚಿನ ನಾಲ್ಕು ಪಟ್ಟೂ ಇರಬಹುದು ಕಾಲು ಭಾಗವೂ ಇರಬಹುದು ಅಂತ ಬ್ಯಾರಿ ಬೋಮ್ ಅನ್ನೋ ಸಾಫ್ಟ್‌ವೇರ್ ತಜ್ಞರು 1981ರಲ್ಲೇ ಹೇಳಿದ್ದಾರಂತೆ, ಲೇಟಾದ ಕೆಲ್ಸಕ್ಕೆ ಜನ ಸೇರಿಸಿದ್ರೆ ಇನ್ನೂ ಲೇಟಾಗುತ್ತೆ ಅಂತ ಅದೇ ಫೀಲ್ಡಿನ ಫ್ರೆಡ್ ಬ್ರೂಕ್ಸ್ ಅದಕ್ಕೂ ಮುಂಚೆ 1975ರಲ್ಲಿ. ನಂಗೆ ಇದೆಲ್ಲಾ ಗೊತ್ತಾಗಿದ್ದು 60,000 ಕೊಟ್ಟಮೇಲೆ.

ಒಟ್ಟು 3,20,000 ಹೋಯ್ತು, ಜಿಎಸ್‌ಟಿ, ಸರ್ವರ್ ಬಾಡಿಗೆ ಬಿಟ್ಟು. ಒಂಬತ್ತು ತಿಂಗಳು.

ನೀವು ಮಾಡಿಸೋದಾದ್ರೆ ಬಜೆಟ್ ಹೇಳಬೇಡಿ, ಯಾವ ಕೆಲ್ಸಕ್ಕೆ ಎಷ್ಟು ಜನ ಎಷ್ಟು ದಿನ ಅಂತ ಸಾಲು ಸಾಲಾಗಿ ಬರೆಸ್ಕೊಳ್ಳಿ. ನಿಮ್ಮ ಹತ್ತು ಹಳೇ ಬಿಲ್ಲು ಕೊಟ್ಟು ಇವೆಲ್ಲಾ ಹೀಗೇ ಬರ್ಬೇಕು ಅನ್ನಿ. ಡೆಮೋದಲ್ಲಿ ಪಾಸ್‌ವರ್ಡ್ ತಪ್ಪು ಒತ್ತಿ ನೋಡಿ, ದುಡ್ಡು ಆಮೇಲೆ.

ಈಗ ಬಿಲ್ಲು ಬರುತ್ತೆ, ಉದ್ರಿ ಲೆಕ್ಕ ಮಾತ್ರ ಇನ್ನೂ ತಾಳೆ ಆಗಲ್ಲ, ಅಪ್ಪಾಜಿ ಕೆಂಪು ಪುಸ್ತಕದಲ್ಲೇ ಬರೀತಿದಾರೆ, ಒಂದು ಮಾತೂ ಅಂದಿಲ್ಲ. ಇವತ್ತು ಬೆಳಗ್ಗೆ ಆ ಕಂಪನಿಯವರ ಮೆಸೇಜ್ ಬಂತು. “ಸರ್, ವರ್ಷದ ಮೇಂಟೆನೆನ್ಸ್ ಡಿಸ್ಕಸ್ ಮಾಡೋಣ್ವಾ? ನಿಮ್ಮ ಬಜೆಟ್ ಎಷ್ಟು?”